ಈಜೂ ಬೇಕು, ಫೈನಾನ್ಸೂ ಬೇಕು: ಕಾಲೇಜು ಆರಿಸೋದು ಹೇಗೆ?

ಎಂಜಿನಿಯರಿಂಗ್ ಕಾಲೇಜಿನ ಕನ್ನಡ ಸಂಘದ ಪತ್ರಿಕೆಯಲ್ಲಿ ಬಿಕಾಂ ಬಗ್ಗೆ ಯಾಕಪ್ಪಾ ಅಂತ ಕೇಳಬೇಡಿ. ನಮ್ಮಲ್ಲಿ ಎಷ್ಟೋ ಜನರ ಮನೇಲಿ ತಮ್ಮನೋ ತಂಗಿನೋ ಈಗ ಪಿಯುಸಿ ಮುಗಿಸ್ತಾ ಇದಾರೆ. ಅವರು ಮೊದಲು ಬಂದು ಕೇಳೋದು ನಮ್ಮನ್ನೇ. "ನೀವು ಎಂಜಿನಿಯರಿಂಗ್ ಓದ್ತಿದೀರಲ್ಲ, ನಿಮಗೆ ಗೊತ್ತಿರತ್ತೆ" ಅಂತ. ನಮಗೆ ಗೊತ್ತಿರಲ್ಲ. ಆದ್ರೆ ಲೆಕ್ಕ ಹಾಕೋದು ಗೊತ್ತು. ಕಳೆದ ವರ್ಷ ಹಾಗೆ ಲೆಕ್ಕ ಹಾಕಿದ ಒಂದು ಕಥೆಯನ್ನ ಪಾಠದ ತರಹ ಬರೀತಾ ಇದೀವಿ.

ನಾವು ಮೂರು ಜನ ಗೆಳೆಯರು. ಒಬ್ಬನ ಮನೆ ಶಂಕರಪುರಂನಲ್ಲಿ, ಶಂಕರ ಮಠದಿಂದ ಸ್ವಲ್ಪ ದೂರ. ಅವನ ತಂಗಿ ಎಂಟು ವರ್ಷದಿಂದ ಈಜ್ತಾ ಇದಾಳೆ. ಬ್ರೆಸ್ಟ್‌ಸ್ಟ್ರೋಕ್ ಅವಳದು. ರಾಜ್ಯ ಮಟ್ಟದಲ್ಲಿ ಫೈನಲ್‌ಗೆ ಬರ್ತಾಳೆ, ಒಂದು ಸಲ ನ್ಯಾಷನಲ್ಸ್‌ಗೂ ಹೋಗಿ ಬಂದಿದಾಳೆ. ಪಿಯುಸಿ ಕಾಮರ್ಸ್. ರಿಸಲ್ಟ್ ಬಂದ ವಾರ ಮನೇಲಿ ಮಾತು ಬಿಸಿ ಆಯ್ತು. ಅಂಕಲ್ "ಸಾಕು ಈಜು, ಒಳ್ಳೇ ಹೆಸರಿರೋ ಕಾಲೇಜು ಸೇರಿ ಸಿ.ಎ. ಮಾಡು" ಅಂದ್ರು. ಕೋಚ್ "ಸ್ಪೋರ್ಟ್ಸ್‌ಗೆ ಹೆಸರಾದ ಕಾಲೇಜು ಸೇರು, ಫೀಸೂ ಉಳಿಯತ್ತೆ" ಅಂದ್ರು. ತಂಗಿ "ನನಗೆ ಎರಡೂ ಬೇಕು" ಅಂದ್ಳು, ಆಮೇಲೆ ಎರಡು ದಿನ ಯಾರ ಜೊತೆನೂ ಮಾತಾಡ್ಲಿಲ್ಲ.

ಆ ಶನಿವಾರ ರಂಗರಾವ್ ರೋಡಿನ ಬ್ರಾಹ್ಮಿನ್ಸ್ ಕಾಫಿ ಬಾರ್ ಮುಂದೆ ನಿಂತು ಇಡ್ಲಿ ತಿಂತಾ ಇದ್ವಿ. ಅಲ್ಲಿ ಸಾಂಬಾರ್ ಇಲ್ಲ, ಚಟ್ನಿ ಮಾತ್ರ, ಎಷ್ಟು ಬೇಕಾದ್ರೂ ಹಾಕಿಸ್ಕೋಬಹುದು. ಗೆಳೆಯ ಮನೆ ವಿಷಯ ಎಲ್ಲಾ ಹೇಳಿ "ಏನ್ ಮಾಡೋಣ ಹೇಳ್ರೋ" ಅಂದ. ನಾವು ಹೇಳಿದ್ದು ಒಂದೇ: ಮೊದಲು ಎಲ್ಲಾನೂ ಪೇಪರ್ ಮೇಲೆ ಬರೆಯೋಣ.

ಹಾಗೆ ಹೇಳೋಕೆ ಇನ್ನೊಂದು ಕಾರಣ ಇತ್ತು. ನಮ್ಮಲ್ಲೊಬ್ಬ ಹತ್ತನೇ ಕ್ಲಾಸ್ ತನಕ ಟೇಬಲ್ ಟೆನಿಸ್ ಆಡ್ತಿದ್ದ, ಜಿಲ್ಲಾ ಮಟ್ಟದಲ್ಲಿ. ಪಿಯುಸಿಗೆ ಬೆಳಗ್ಗೆ ಏಳರಿಂದ ಸಂಜೆ ಆರರ ತನಕ ಕೋಚಿಂಗ್ ಇರೋ ಕಾಲೇಜು ಸೇರಿದ. "ಎರಡು ವರ್ಷ ತಾನೇ, ಆಮೇಲೆ ಆಡಿದ್ರಾಯ್ತು" ಅಂತ ಎಲ್ಲರೂ ಹೇಳಿದ್ರು. ಆಮೇಲೆ ಅವನು ಬ್ಯಾಟ್ ಮುಟ್ಟಿಲ್ಲ. ಸೀಟು ಸಿಕ್ತು, ಅದಕ್ಕೆ ಬೇಜಾರಿಲ್ಲ. ಆದ್ರೆ ಆವತ್ತು ಯಾರೂ ಲೆಕ್ಕ ಹಾಕಲಿಲ್ಲ. ಬಿಟ್ಟಿದ್ದು ತಪ್ಪಾ ಸರಿನಾ ಅಂತ ಅವನಿಗೆ ಇವತ್ತಿಗೂ ಗೊತ್ತಾಗಿಲ್ಲ. ಅದು ಗೊತ್ತಾಗದೇ ಇರೋದೇ ಕಷ್ಟ.

1. ಹಿಂದೆ ನಮ್ಮೂರಲ್ಲಿ ಯಾರ್ಯಾರು ಏನು ಮಾಡಿದ್ರು?

ಪುಣ್ಯಕ್ಕೆ ನಮ್ಮ ಊರಲ್ಲಿ ಉದಾಹರಣೆಗೆ ಕೊರತೆ ಇಲ್ಲ. ಓದು ಮತ್ತು ಆಟ ಎರಡನ್ನೂ ಹಿಡಿದವರ ದಾರಿ ಒಂದೇ ತರಹ ಇರಲಿಲ್ಲ. ನಾಲ್ಕು ದಾರಿ ನೋಡೋಣ.

ನಿಲ್ಲಿಸಿ ಮತ್ತೆ ಶುರು ಮಾಡೋದು. ಇ.ಎ.ಎಸ್. ಪ್ರಸನ್ನ 1962ರ ಜನವರಿಯಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ ಮೊದಲ ಟೆಸ್ಟ್ ಆಡಿದರು. ಅದೇ ವರ್ಷ ವೆಸ್ಟ್ ಇಂಡೀಸ್‌ಗೂ ಹೋದರು. ಆಮೇಲೆ ಮೈಸೂರಿನ ಎನ್.ಐ.ಇ.ಯಲ್ಲಿ ಎಂಜಿನಿಯರಿಂಗ್ ಮುಗಿಸೋದಕ್ಕಾಗಿ ದೊಡ್ಡ ಕ್ರಿಕೆಟ್ಟಿನಿಂದ ದೂರ ಉಳಿದರು. ಮತ್ತೆ ಟೆಸ್ಟ್ ಆಡಿದ್ದು 1967ರ ಜನವರಿಯಲ್ಲಿ. ಐದು ವರ್ಷ! ಕೊನೆಗೆ 49 ಟೆಸ್ಟ್‌ಗಳಲ್ಲಿ 189 ವಿಕೆಟ್. ಕೇಳೋಕೆ ಚೆನ್ನಾಗಿದೆ. ಆದ್ರೆ ಸ್ಪಿನ್ ಬೌಲರ್ 26ನೇ ವಯಸ್ಸಲ್ಲಿ ವಾಪಸ್ ಬರಬಹುದು. ಈಜೋ ಹುಡುಗಿ 18ರಿಂದ 23ರ ತನಕ ನೀರು ಬಿಟ್ಟರೆ ವಾಪಸ್ ಬರೋದು ತುಂಬಾ ಕಷ್ಟ. ಅಂದ್ರೆ ನಿಮ್ಮ ಆಟದ ವಯಸ್ಸು ಯಾವುದು ಅನ್ನೋದು ಮೊದಲನೇ ಪ್ರಶ್ನೆ.

ಎರಡನ್ನೂ ಒಟ್ಟಿಗೆ ಎಳೆಯೋದು. ಅನಿಲ್ ಕುಂಬ್ಳೆ ಬಸವನಗುಡಿಯ ನ್ಯಾಷನಲ್ ಹೈಸ್ಕೂಲು, ನ್ಯಾಷನಲ್ ಕಾಲೇಜುಗಳಲ್ಲಿ ಓದಿ, ಆರ್.ವಿ. ಕಾಲೇಜಿನಲ್ಲಿ ಮೆಕ್ಯಾನಿಕಲ್ ಮಾಡಿದರು. 1990ರ ಆಗಸ್ಟ್‌ನಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಮೊದಲ ಟೆಸ್ಟ್ ಆಡಿದಾಗ ಅವರಿಗೆ 19 ವರ್ಷ, ನಮ್ಮ ಈಗಿನ ವಯಸ್ಸು. ಡಿಗ್ರಿ ಇನ್ನೂ ಮುಗಿದಿರಲಿಲ್ಲ. ಗಮನಿಸಿ, ಅವರ ಮುಂದಿನ ಟೆಸ್ಟ್ ಬಂದಿದ್ದು 1992ರಲ್ಲಿ. ನಡುವೆ ಡಿಗ್ರಿ ಮುಗೀತು. ತಂಡದಿಂದ ಹೊರಗಿದ್ದ ಸಮಯ ಅವರ ಓದಿಗೆ ಖಾಲಿ ಹೋಗಲಿಲ್ಲ.

ಆಟಕ್ಕೆ ಹೊಂದೋ ಕೋರ್ಸ್ ಆರಿಸೋದು. ರಾಹುಲ್ ದ್ರಾವಿಡ್ ಸೇಂಟ್ ಜೋಸೆಫ್ಸ್ ಕಾಲೇಜ್ ಆಫ್ ಕಾಮರ್ಸ್‌ನಲ್ಲಿ ಬಿಕಾಂ ಓದಿದರು. ರಣಜಿ ಆಡೋಕೆ ಶುರು ಮಾಡಿದ್ದು 1991ರಲ್ಲಿ, ವಿದ್ಯಾರ್ಥಿ ಆಗಿದ್ದಾಗಲೇ. ಆಮೇಲೆ ಎಂ.ಬಿ.ಎ. ಸೇರಿದ್ದಾಗ ಭಾರತ ತಂಡಕ್ಕೆ ಆಯ್ಕೆ ಆಯ್ತು. 1996ರ ಜೂನ್‌ನಲ್ಲಿ ಲಾರ್ಡ್ಸ್‌ನಲ್ಲಿ 95 ರನ್. ಬಿಕಾಂ ಕೈಯಲ್ಲಿ ಇದ್ದದ್ದರಿಂದ ಎಂ.ಬಿ.ಎ. ಅರ್ಧಕ್ಕೆ ನಿಂತರೂ ಪೂರ್ತಿ ಬರಿಗೈ ಅಲ್ಲ.

ಮನೆ ಹತ್ತಿರದ ದಾರಿ. ಪಂಕಜ್ ಅಡ್ವಾಣಿ ಬಿಕಾಂ ಓದಿದ್ದು ಶ್ರೀ ಭಗವಾನ್ ಮಹಾವೀರ ಜೈನ್ ಕಾಲೇಜಿನಲ್ಲಿ. ಅದೇ ಹೆಸರಿನ ಕಾಲೇಜು ನಮ್ಮ ವಿ.ವಿ. ಪುರಂನಲ್ಲೇ ಇದೆ, ಶಂಕರಪುರಂನಿಂದ ನಡೆದೇ ಹೋಗಬಹುದು. 2003ರಲ್ಲಿ, 18ನೇ ವಯಸ್ಸಿಗೆ, ಅಡ್ವಾಣಿ ವಿಶ್ವ ಸ್ನೂಕರ್ ಚಾಂಪಿಯನ್ ಆದರು. ಆಟಗಾರರಿಗೆ ಜಾಗ ಕೊಡೋ ಆ ಪದ್ಧತಿ ಜೈನ್ ವಿಶ್ವವಿದ್ಯಾಲಯದಲ್ಲಿ ಮುಂದುವರಿದಿದೆ. 2022ರಲ್ಲಿ ಬೆಂಗಳೂರಿನಲ್ಲಿ ಖೇಲೋ ಇಂಡಿಯಾ ಯೂನಿವರ್ಸಿಟಿ ಗೇಮ್ಸ್ ನಡೆಸಿದ್ದೂ ಅವರೇ, ಚಾಂಪಿಯನ್ ಆಗಿದ್ದೂ ಅವರೇ.

ಈ ನಾಲ್ಕೂ ಜನ ಗೆದ್ದವರು. ಸೋತವರ ಹೆಸರು ನಮಗೆ ಗೊತ್ತಾಗಲ್ಲ, ಯಾಕಂದ್ರೆ ಅವರ ಬಗ್ಗೆ ಯಾರೂ ಬರೆಯಲ್ಲ. ಟೇಬಲ್ ಟೆನಿಸ್ ಬಿಟ್ಟ ನಮ್ಮ ಗೆಳೆಯನ ತರಹದವರು ಸಾವಿರ ಇರ್ತಾರೆ. ಹಾಗಾಗಿ "ದ್ರಾವಿಡ್ ಮಾಡಿದ್ರು, ನಾನೂ ಮಾಡ್ತೀನಿ" ಅನ್ನೋದು ಲೆಕ್ಕ ಅಲ್ಲ. ಅವರಿಂದ ಕಲಿಯೋದು ದಾರಿಗಳ ಪಟ್ಟಿಯನ್ನ ಮಾತ್ರ. ಲೆಕ್ಕ ನಮ್ಮದೇ ಹಾಕ್ಬೇಕು.

2. ಗಂಟೆ ಲೆಕ್ಕ

ವಾರಕ್ಕೆ ಎಲ್ಲರಿಗೂ ಇರೋದು 168 ಗಂಟೆ. ತಂಗಿಯ ಲೆಕ್ಕ ಹೀಗೆ ಬಂತು.

ನಿದ್ದೆ ದಿನಕ್ಕೆ 8 ಗಂಟೆ: 56. ಈಜೋರಿಗೆ ಇದರಲ್ಲಿ ಕಡಿಮೆ ಮಾಡೋ ಹಾಗಿಲ್ಲ.
ಪೂಲಿನಲ್ಲಿ ಬೆಳಗ್ಗೆ 6 ಸಲ, ಸಂಜೆ 5 ಸಲ, ತಲಾ 2 ಗಂಟೆ: 22. ನೆಲದ ಮೇಲಿನ ವ್ಯಾಯಾಮ: 3. ಒಟ್ಟು 25.
ಪೂಲಿಗೆ ಹೋಗಿ ಬರೋದು: ಸುಮಾರು 7.
ಕ್ಲಾಸು ದಿನಕ್ಕೆ 5 ಗಂಟೆ, 6 ದಿನ: 30.
ಊಟ, ಸ್ನಾನ, ಮನೆ ಕೆಲಸ ದಿನಕ್ಕೆ 3 ಗಂಟೆ: 21.

ಇಷ್ಟಕ್ಕೇ 139 ಆಯ್ತು. ಉಳಿದದ್ದು 29. ಅಮೆರಿಕದ ಕಾಲೇಜು ಕ್ರೀಡೆಯನ್ನ ನೋಡ್ಕೊಳ್ಳೋ ಎನ್.ಸಿ.ಎ.ಎ. ನಿಯಮದಲ್ಲಿ ಸೀಸನ್ ಸಮಯದಲ್ಲೂ ಕಡ್ಡಾಯ ತರಬೇತಿ ವಾರಕ್ಕೆ 20 ಗಂಟೆ ಮೀರೋ ಹಾಗಿಲ್ಲ. ನಮ್ಮ ತಂಗಿ ಅದನ್ನೂ ದಾಟಿ 25 ಗಂಟೆ ಮಾಡ್ತಾ ಇದಾಳೆ, ಕೇಳೋರು ಯಾರೂ ಇಲ್ಲ.

ಈಗ ಕಾಲೇಜಿನ ದೂರ ಸೇರಿಸಿ. ಅಂಕಲ್ ಹೇಳಿದ ದೊಡ್ಡ ಹೆಸರಿನ ಕಾಲೇಜಿಗೆ ಬಸ್ಸಲ್ಲಿ ಒಂದು ಕಡೆಗೆ 75 ನಿಮಿಷ. ಸುಮ್ನೆ ಮ್ಯಾಪ್ ನೋಡಿ ಹೇಳ್ತಾ ಇಲ್ಲ, ಸೋಮವಾರ ಬೆಳಗ್ಗೆ ನಾವೇ ಹೋಗಿ ನೋಡಿದ್ದು. ಹೋಗಿ ಬರೋಕೆ ಎರಡೂವರೆ ಗಂಟೆ, 6 ದಿನಕ್ಕೆ 15 ಗಂಟೆ. ಬಸವನಗುಡಿ ಸುತ್ತಮುತ್ತಲಿನ ಕಾಲೇಜಾದ್ರೆ 20 ನಿಮಿಷ ನಡಿಗೆ, ವಾರಕ್ಕೆ 4 ಗಂಟೆ. ವ್ಯತ್ಯಾಸ 11 ಗಂಟೆ. 16 ವಾರದ ಸೆಮಿಸ್ಟರ್‌ಗೆ 176 ಗಂಟೆ.

ಹತ್ತಿರದ ಕಾಲೇಜಾದ್ರೆ ಓದೋಕೆ, ಸುಮ್ನೆ ಕೂರೋಕೆ, ಗೆಳತಿಯರ ಜೊತೆ ಹರಟೋಕೆ ವಾರಕ್ಕೆ 25 ಗಂಟೆ ಉಳಿಯತ್ತೆ. ದೂರದ್ದಾದ್ರೆ 14. ಅಂದ್ರೆ ದಿನಕ್ಕೆ 2 ಗಂಟೆ. ಅದರಲ್ಲಿ ಕಾಸ್ಟ್ ಅಕೌಂಟಿಂಗ್ ಓದಿ, ಸ್ಟ್ಯಾಟಿಸ್ಟಿಕ್ಸ್ ಮಾಡಿ, ಮನುಷ್ಯಳ ತರಹ ಬದುಕೋದು ಹೇಗೆ? ಅರ್ಥಶಾಸ್ತ್ರದಲ್ಲಿ ಇದಕ್ಕೆ ಅವಕಾಶ ವೆಚ್ಚ ಅಂತಾರೆ. ಒಂದನ್ನ ಆರಿಸಿದಾಗ ಕೈಬಿಟ್ಟ ಇನ್ನೊಂದರ ಬೆಲೆ. ಫೀಸ್ ರಸೀದಿಯಲ್ಲಿ ಅದು ಪ್ರಿಂಟ್ ಆಗಿರಲ್ಲ.

3. ಅಟೆಂಡೆನ್ಸ್ ಲೆಕ್ಕ

ವಿಟಿಯು ಮಕ್ಕಳಾದ ನಮಗೆ 85 ಅಂದ್ರೆ ಏನು ಅಂತ ಬಿಡಿಸಿ ಹೇಳೋ ಅಗತ್ಯ ಇಲ್ಲ. ಬಿಕಾಂಗೆ ಹೆಚ್ಚಿನ ಕಡೆ 75 ಪರ್ಸೆಂಟ್. ಸೆಮಿಸ್ಟರ್‌ನಲ್ಲಿ 90 ದಿನ ಕ್ಲಾಸ್ ಅಂತ ಇಟ್ಕೊಳ್ಳೋಣ. ಕನಿಷ್ಠ 68 ದಿನ ಬರಬೇಕು, 22 ದಿನ ತಪ್ಪಿಸಬಹುದು.

ತಂಗಿಯ ಒಂದು ಸೆಮಿಸ್ಟರ್ ಊಹಿಸಿ. ರಾಜ್ಯ ಮಟ್ಟದ ಸ್ಪರ್ಧೆಗೆ 5 ದಿನ. ನ್ಯಾಷನಲ್ಸ್‌ಗೆ ರೈಲಿನ ಪ್ರಯಾಣ ಸೇರಿ 10. ಅಂತರ ವಿಶ್ವವಿದ್ಯಾಲಯ ಸ್ಪರ್ಧೆಗೆ 8. ಜ್ವರ ಗಿರ ಅಂತ 3. ಒಟ್ಟು 26. ಬಂದಿದ್ದು 64 ದಿನ, ಅಂದ್ರೆ ಸುಮಾರು 71 ಪರ್ಸೆಂಟ್. ಶಾರ್ಟೇಜ್!

"ಓಡಿ ಕೊಡ್ತಾರೆ ಬಿಡಿ" ಅಂತ ಎಲ್ಲರೂ ಹೇಳ್ತಾರೆ. ಇಲ್ಲೇ ಇರೋದು ಕಿತಾಪತಿ. ಯಾವ ಸ್ಪರ್ಧೆಗೆ ಓಡಿ? ಕೆಲವು ಕಾಲೇಜುಗಳಲ್ಲಿ ವಿಶ್ವವಿದ್ಯಾಲಯ ಕಳಿಸಿದ ಸ್ಪರ್ಧೆಗೆ ಮಾತ್ರ. ಕ್ಲಬ್ಬಿನಿಂದ, ರಾಜ್ಯ ಸಂಸ್ಥೆಯಿಂದ ಹೋದ್ರೆ ಇಲ್ಲ. ಹಾಗಾದ್ರೆ 8 ದಿನ ಮಾತ್ರ ವಾಪಸ್ ಬರತ್ತೆ: 72 ದಿನ, 80 ಪರ್ಸೆಂಟ್. ಪಾಸ್, ಆದ್ರೆ ಇನ್ನು 4 ದಿನಕ್ಕಿಂತ ಜಾಸ್ತಿ ಹುಷಾರು ತಪ್ಪೋ ಹಾಗಿಲ್ಲ. ಎಲ್ಲಾ ಸ್ಪರ್ಧೆಗೂ ಓಡಿ ಇದ್ರೆ 87 ದಿನ, ಚಿಂತೆನೇ ಇಲ್ಲ. ಒಂದು ಸಾಲಿನ ನಿಯಮ 71ನ್ನ 80 ಮಾಡತ್ತೆ, ಅಥವಾ 97 ಮಾಡತ್ತೆ. ಆ ಸಾಲು ಕಾಲೇಜಿನ ಬಣ್ಣ ಬಣ್ಣದ ಬ್ರೋಷರ್‌ನಲ್ಲಿ ಇರಲ್ಲ.

ಇಂಟರ್ನಲ್ಸ್ ಕಥೆನೂ ಇದೇ. ಟೆಸ್ಟ್ ದಿನ ನೀವು ಬೇರೆ ರಾಜ್ಯದ ಪೂಲಿನಲ್ಲಿದ್ರೆ ರೀ-ಟೆಸ್ಟ್ ಉಂಟಾ? ಯಾರು ಸಹಿ ಹಾಕ್ಬೇಕು? ವಾಪಸ್ ಬಂದ ಎಷ್ಟು ದಿನದೊಳಗೆ?

ಇನ್ನೊಂದು ವಿಷಯ. "ದೂರಶಿಕ್ಷಣದಲ್ಲಿ ಬಿಕಾಂ ಮಾಡಿದ್ರೆ ಅಟೆಂಡೆನ್ಸ್ ರಗಳೆನೇ ಇಲ್ವಲ್ಲ" ಅಂತ ಆಂಟಿ ಕೇಳಿದ್ರು. ಒಳ್ಳೇ ಪ್ರಶ್ನೆ. ಆದ್ರೆ ಅಂತರ ವಿಶ್ವವಿದ್ಯಾಲಯ ಸ್ಪರ್ಧೆಗಳು ನಡೆಯೋದು ಕಾಲೇಜಿಗೆ ಹೋಗಿ ಪೂರ್ಣಾವಧಿ ಓದೋರಿಗಾಗಿ. ಆ ಬಾಗಿಲು ಮುಚ್ಚತ್ತೆ. ಆಟವೇ ಪೂರ್ತಿ ಜೀವನ ಆಗಿರೋರಿಗೆ ದೂರಶಿಕ್ಷಣ ಸರಿ ಇರಬಹುದು. ತಂಗಿಗೆ ಸರಿ ಬರಲಿಲ್ಲ.

4. ಫೈನಾನ್ಸ್ ಅಂದ್ರೆ ಯಾವ ಫೈನಾನ್ಸ್?

ಅಂಕಲ್‌ಗೆ ಫೈನಾನ್ಸ್ ಅಂದ್ರೆ ಸಿ.ಎ. ನಮಗೂ ಅಷ್ಟೇ ಗೊತ್ತಿತ್ತು. ಕೂತು ಓದಿದ ಮೇಲೆ ಒಂದು ವಿಷಯ ತಿಳೀತು. ಸಿ.ಎ.ಯಲ್ಲಿ ಆಟಕ್ಕೆ ಅಡ್ಡ ಬರೋದು ಪರೀಕ್ಷೆಗಿಂತ ಹೆಚ್ಚಾಗಿ ಆರ್ಟಿಕಲ್‌ಶಿಪ್. 2023ರ ಹೊಸ ಪದ್ಧತಿಯಲ್ಲಿ ಅದು 3 ವರ್ಷದಿಂದ 2 ವರ್ಷಕ್ಕೆ ಇಳಿದಿದೆ. ಆದ್ರೂ 2 ವರ್ಷ ಪೂರ್ತಿ ಆಫೀಸು. ಆಡಿಟ್ ಸೀಸನ್‌ನಲ್ಲಿ ಬೆಳಗ್ಗೆ ಸಂಜೆ ಎರಡೂ ಹೊತ್ತು ಈಜ್ತೀನಿ ಅನ್ನೋದು ಕನಸು.

ಹಾಗಾದ್ರೆ ಸಿ.ಎ. ಬೇಡ್ವಾ? ಬೇಕು, ಆದ್ರೆ ಯಾವಾಗ ಅನ್ನೋದು ಮುಖ್ಯ. ಪಿಯುಸಿ ಆದ ತಕ್ಷಣ ಫೌಂಡೇಶನ್ ಬರೆದು ಹೋಗೋದು ಒಂದು ದಾರಿ. ಇನ್ನೊಂದು ದಾರಿ ಇದೆ: ಬಿಕಾಂನಲ್ಲಿ 55 ಪರ್ಸೆಂಟ್ ತಗೊಂಡೋರು ಫೌಂಡೇಶನ್ ಇಲ್ಲದೆ ನೇರವಾಗಿ ಇಂಟರ್‌ಮೀಡಿಯೆಟ್‌ಗೆ ಸೇರಬಹುದು. ಬೇರೆ ಡಿಗ್ರಿಯವರಿಗೆ 60, ಅಂದ್ರೆ ಎಂಜಿನಿಯರಿಂಗ್ ಮಾಡಿ ಬೇಜಾರಾದ ನಮ್ಮಂಥವರಿಗೂ ಬಾಗಿಲು ತೆರೆದೇ ಇದೆ! ಕರ್ನಾಟಕದಲ್ಲಿ 2024-25ರಿಂದ ಡಿಗ್ರಿ ಮತ್ತೆ 3 ವರ್ಷಕ್ಕೆ ಬಂದಿದೆ. ಹಾಗಾಗಿ 18ರಿಂದ 21ರ ತನಕ ಬಿಕಾಂ ಮತ್ತು ಈಜು, ಆಮೇಲೆ ಸಿ.ಎ. ಅಂತ ಇಟ್ಕೋಬಹುದು. ಈಜಿಗೆ ಬೇಕಾದ ವಯಸ್ಸೂ ಅದೇ ಮೂರು ವರ್ಷ.

ಎ.ಸಿ.ಸಿ.ಎ.ಯಲ್ಲಿ 13 ಪೇಪರ್, ವರ್ಷಕ್ಕೆ 4 ಸಲ ಪರೀಕ್ಷೆ. ಒಂದೊಂದೇ ಬರೆಯಬಹುದು, ಆಟ ಆಡೋರಿಗೆ ಇದು ಅನುಕೂಲ. ಫೀಸು ಜಾಸ್ತಿ, ಅದನ್ನೂ ಲೆಕ್ಕಕ್ಕೆ ಹಿಡೀಬೇಕು. ಸಿ.ಎಫ್.ಎ. ಮೂರು ಹಂತ, ಅದನ್ನ ಡಿಗ್ರಿಯ ಕೊನೆ ಹತ್ತಿರ ಶುರು ಮಾಡೋದು.

ಷೇರು ಮಾರುಕಟ್ಟೆಯಲ್ಲಿ ಆಪ್ಷನ್ ಅಂತ ಇದೆ. ಈಗಲೇ ಕೊಳ್ಳಲ್ಲ, ಮುಂದೆ ಕೊಳ್ಳೋ ಹಕ್ಕನ್ನ ಇಟ್ಕೋತೀವಿ, ಅದಕ್ಕೆ ಸ್ವಲ್ಪ ಬೆಲೆ ಕೊಡ್ತೀವಿ. ಒಳ್ಳೇ ಮಾರ್ಕ್ಸ್ ಇರೋ ಬಿಕಾಂ ಸಿ.ಎ.ಗೆ ಒಂದು ಆಪ್ಷನ್ ಇದ್ದ ಹಾಗೆ. ಅದರ ಬೆಲೆ ಆ 55 ಪರ್ಸೆಂಟ್. ಆದ್ರೆ ಈಜು ಬಿಟ್ಟರೆ ಅದಕ್ಕೆ ಅಂಥ ಆಪ್ಷನ್ ಇಲ್ಲ. ಹಾಗಾಗಿ ಕಾಯಬಲ್ಲದ್ದನ್ನ ಕಾಯಿಸಿ, ಕಾಯದೇ ಇರೋದನ್ನ ಈಗ ಮಾಡಿ. ಇಡೀ ಲೇಖನದಲ್ಲಿ ಒಂದೇ ಸಾಲು ನೆನಪಿಟ್ಕೊಳ್ಳೋದಾದ್ರೆ ಇದನ್ನ ಇಟ್ಕೊಳ್ಳಿ.

5. ಅಂಕಪಟ್ಟಿ

ಮೂರು ಕಾಲೇಜು ಪಟ್ಟಿಯಲ್ಲಿ ಉಳಿದವು. ಹೆಸರು ಬೇಡ, ಅ, ಆ, ಇ ಅನ್ನೋಣ. "ಅ" ದೂರದ, ದೊಡ್ಡ ಹೆಸರಿನದು. "ಆ" ಮನೆ ಹತ್ತಿರದ್ದು, ಸಾಧಾರಣ ಹೆಸರು. "ಇ" ಕ್ರೀಡಾ ಸ್ಕಾಲರ್‌ಶಿಪ್ ಕೊಡೋದು, ಮಧ್ಯಮ ದೂರ. ನಾಲ್ಕು ವಿಷಯಕ್ಕೆ ಹತ್ತಕ್ಕೆ ಎಷ್ಟು ಅಂತ ಅಂಕ ಕೊಟ್ವಿ.

ಅ: ಸಮಯ 3, ನಿಯಮ 4, ಫೈನಾನ್ಸ್ ಪಾಠ 9, ಫೀಸು 4.
ಆ: ಸಮಯ 9, ನಿಯಮ 7, ಫೈನಾನ್ಸ್ ಪಾಠ 6, ಫೀಸು 8.
ಇ: ಸಮಯ 6, ನಿಯಮ 9, ಫೈನಾನ್ಸ್ ಪಾಠ 6, ಫೀಸು 9.

ಈಗ ಯಾವುದು ಎಷ್ಟು ಮುಖ್ಯ ಅನ್ನೋ ತೂಕ. ತಂಗಿ ಬರೆದಿದ್ದು: ಸಮಯ 3, ನಿಯಮ 3, ಪಾಠ 3, ಫೀಸು 1. ಗುಣಿಸಿ ಕೂಡಿದ್ರೆ ಅ 52, ಆ 74, ಇ 72.

ಅಂಕಲ್ ಒಪ್ಪಲಿಲ್ಲ. "ನೋಡ್ರಪ್ಪ, ಓದೇ ಮುಖ್ಯ" ಅಂದ್ರು. ಸರಿ ಅಂಕಲ್, ನಿಮ್ಮ ತೂಕ ಹಾಕಿ ಅಂತ ಪೆನ್ನು ಕೊಟ್ವಿ. ಅವರು ಬರೆದಿದ್ದು: ಪಾಠ 6, ನಿಯಮ 2, ಸಮಯ 1, ಫೀಸು 1. ಈಗ ಅ 69, ಆ 67, ಇ 69.

ಎಲ್ಲರೂ ಸ್ವಲ್ಪ ಹೊತ್ತು ಸುಮ್ನಾದ್ವಿ. ತಂಗಿಯ ತೂಕದಲ್ಲಿ "ಅ" 20 ಅಂಕಕ್ಕಿಂತ ಹಿಂದೆ. ಅಂಕಲ್ ತೂಕದಲ್ಲೇ ನೋಡಿದ್ರೂ ಮೂರೂ ಹೆಚ್ಚು ಕಡಿಮೆ ಒಂದೇ! ಅಂದ್ರೆ "ಅ" ಬಿಟ್ಟರೆ ಅಂಕಲ್‌ಗೆ ಆಗೋ ನಷ್ಟ ಬಹಳ ಕಡಿಮೆ, "ಅ" ಸೇರಿದ್ರೆ ತಂಗಿಗೆ ಆಗೋ ನಷ್ಟ ಬಹಳ ಜಾಸ್ತಿ. ಎರಡು ವಾರದಿಂದ ಜಗಳ ಆಡ್ತಿದ್ದದ್ದು ಕಾಲೇಜಿನ ಬಗ್ಗೆ ಅಂತ ಅಂದ್ಕೊಂಡಿದ್ರು. ನಿಜವಾಗಿ ಜಗಳ ಇದ್ದದ್ದು ತೂಕದ ಬಗ್ಗೆ.

ಒಂದು ಎಚ್ಚರಿಕೆ. ಈ ಅಂಕಗಳು ನಾವು ಕೊಟ್ಟಿದ್ದು, ಭೌತಶಾಸ್ತ್ರದ ಸ್ಥಿರಾಂಕ ಅಲ್ಲ. 74ಕ್ಕೂ 72ಕ್ಕೂ ವ್ಯತ್ಯಾಸ ಇದೆ ಅಂತ ಹೇಳೋಕಾಗಲ್ಲ. 52ಕ್ಕೂ 74ಕ್ಕೂ ಇದೆ ಅಂತ ಹೇಳಬಹುದು. ಲ್ಯಾಬಿನಲ್ಲಿ ಎರರ್ ಬರೆಯೋದು ಕಲಿತಿದೀವಲ್ಲ, ಅದನ್ನ ಮನೆ ಲೆಕ್ಕದಲ್ಲೂ ಬಳಸಿ.

6. ಮುಳುಗಿದ ದುಡ್ಡು, ಒಟ್ಟಿಗೆ ಮುಳುಗೋ ದುಡ್ಡು

ಈಗ ಉಳಿದಿದ್ದು "ಆ" ಮತ್ತು "ಇ". ಇಲ್ಲಿ ಕೋಚ್ ಮಾತು ಬಂತು: "ಎಂಟು ವರ್ಷ ಇಷ್ಟು ಖರ್ಚು ಮಾಡಿದೀರಿ, ಈಗ ಸ್ಕಾಲರ್‌ಶಿಪ್ ಬಿಡ್ತೀರಾ?" ಅಂಕಲ್ ಕೂಡ ಅದೇ ಖರ್ಚನ್ನ ಬೇರೆ ರೀತಿ ಹೇಳ್ತಿದ್ರು: "ಎಂಟು ವರ್ಷ ಖರ್ಚಾಗಿದ್ದು ಸಾಕು." ಇಬ್ಬರೂ ತಪ್ಪು. ಖರ್ಚಾಗಿ ಹೋದ ದುಡ್ಡು ಮುಂದಿನ ನಿರ್ಧಾರದಲ್ಲಿ ಬರೋ ಹಾಗಿಲ್ಲ. ಈಜಿದ್ರೂ ಅದು ವಾಪಸ್ ಬರಲ್ಲ, ಬಿಟ್ಟರೂ ಬರಲ್ಲ. ಇದಕ್ಕೆ ಸಂಕ್ ಕಾಸ್ಟ್ ಅಂತಾರೆ, ಮುಳುಗಿದ ದುಡ್ಡು. ಈಜೋ ಹುಡುಗಿ ಮನೇಲಿ ಈ ಹೆಸರು ಕೇಳಿ ಎಲ್ಲರೂ ನಕ್ಕರು. ಎರಡು ವಾರದಲ್ಲಿ ಅದೇ ಮೊದಲ ನಗು.

"ಇ" ಬಗ್ಗೆ ನಮಗೆ ಇದ್ದ ಅನುಮಾನ ಬೇರೆ. ಅಲ್ಲಿನ ಸ್ಕಾಲರ್‌ಶಿಪ್ ಪ್ರತಿ ವರ್ಷ ಪ್ರದರ್ಶನ ನೋಡಿ ಮುಂದುವರೆಸೋದು. ಬ್ರೆಸ್ಟ್‌ಸ್ಟ್ರೋಕ್ ಈಜೋರಿಗೆ ಮಂಡಿ ನೋವು ಹೊಸದಲ್ಲ. ಎರಡನೇ ವರ್ಷ ಮಂಡಿ ಕೈಕೊಟ್ರೆ ಈಜೂ ನಿಲ್ಲತ್ತೆ, ಅದೇ ಸಮಯಕ್ಕೆ ಫೀಸೂ ತಲೆ ಮೇಲೆ ಬರತ್ತೆ. ಫೈನಾನ್ಸ್‌ನಲ್ಲಿ ಎಲ್ಲಾ ದುಡ್ಡನ್ನ ಒಂದೇ ಕಡೆ ಹಾಕಬೇಡಿ ಅಂತಾರೆ. ಅದರ ಪೂರ್ತಿ ಅರ್ಥ: ಒಂದು ಬಿದ್ದಾಗ ಜೊತೆಗೇ ಬೀಳೋದರಲ್ಲಿ ಹಾಕಬೇಡಿ. ಓದು ಆಟಕ್ಕೆ ಆಸರೆ ಆಗಬೇಕಾದ್ರೆ, ಆಟ ಬಿದ್ದ ದಿನವೂ ಓದು ನಿಂತಿರಬೇಕು.

ಸ್ಕಾಲರ್‌ಶಿಪ್ ಕೆಟ್ಟದ್ದು ಅಂತ ಅಲ್ಲ. ಫೀಸು ಕಟ್ಟೋಕೆ ಆಗದ ಮನೆಗೆ ಅದೇ ಏಕೈಕ ದಾರಿ ಇರಬಹುದು, ಆಗ ತೂಕ ಬದಲಾಗತ್ತೆ. ಆದ್ರೆ ಪೆಟ್ಟಾದ ವರ್ಷ ಏನಾಗತ್ತೆ ಅಂತ ಮೊದಲೇ ಕೇಳಿ.

7. ಬ್ಯಾಂಕ್ ಕೆಲಸದ ಹಳೇ ದಾರಿ

"ಚೆನ್ನಾಗಿ ಆಡಿದ್ರೆ ಬ್ಯಾಂಕಲ್ಲಿ ಕೆಲಸ ಸಿಗತ್ತೆ" ಅಂತ ತಂಗಿಯ ತಾತ ಹೇಳ್ತಾರೆ. ಅವರ ಕಾಲಕ್ಕೆ ಅದು ನಿಜ. ಮಲ್ಲೇಶ್ವರದ ಕೆನರಾ ಯೂನಿಯನ್ ಹಾಲ್‌ನಲ್ಲಿ ಬ್ಯಾಡ್ಮಿಂಟನ್ ಕಲಿತು 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದ ಪ್ರಕಾಶ್ ಪಡುಕೋಣೆ ಯೂನಿಯನ್ ಬ್ಯಾಂಕಿನಲ್ಲಿದ್ದರು. ವೆಂಕಟೇಶ್ ಪ್ರಸಾದ್ ಕೆನರಾ ಬ್ಯಾಂಕಿನಲ್ಲಿದ್ದರು. ವಿಜಯಾ ಬ್ಯಾಂಕಿನ ಬ್ಯಾಸ್ಕೆಟ್‌ಬಾಲ್ ತಂಡ ಅಂದ್ರೆ ಬೆಂಗಳೂರಲ್ಲಿ ದೊಡ್ಡ ಹೆಸರು.

ಆದ್ರೆ ಆ ಬ್ಯಾಂಕುಗಳಲ್ಲಿ ಎಷ್ಟು ಉಳಿದಿವೆ ನೋಡಿ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಎಸ್‌ಬಿಐ ಜೊತೆ ಸೇರಿತು. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾ ಜೊತೆ. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಜೊತೆ. ಮೂರು ವರ್ಷದಲ್ಲಿ ಕರ್ನಾಟಕದ ಮೂರು ಬ್ಯಾಂಕಿನ ಹೆಸರು ಬೋರ್ಡಿನಿಂದ ಹೋಯಿತು. ಬ್ಯಾಂಕುಗಳ ಸಂಖ್ಯೆ ಕಡಿಮೆ ಆದ್ರೆ ತಂಡಗಳ ಸಂಖ್ಯೆನೂ ಕಡಿಮೆ ಆಗೋದು ಸಹಜ. ಮೊದಲು ಆಟವೇ ಬ್ಯಾಂಕಿನ ಬಾಗಿಲು ತೆಗೀತಿತ್ತು. ಈಗ ಬಾಗಿಲು ತೆಗೆಯೋಕೆ ಡಿಗ್ರಿಯಲ್ಲಿ ಕಲಿತದ್ದೂ ಬೇಕು. ಅದಕ್ಕೇ "ಆಟಕ್ಕೆ ಹೇಗೂ ಪಾಸ್ ಮಾಡ್ತಾರೆ" ಅನ್ನೋ ಕಾಲೇಜು ಉಪಕಾರ ಮಾಡ್ತಾ ಇಲ್ಲ.

8. ಸೇರೋ ಮುಂಚೆ ಕೇಳಿ

ಮೂರೂ ಕಾಲೇಜಿಗೆ ತಂಗಿ ತಾನೇ ಹೋಗಿ ಕೇಳಿದ ಪ್ರಶ್ನೆಗಳು ಇವು. ನಿಮ್ಮ ತಮ್ಮ ತಂಗಿಯರಿಗೆ ಇದನ್ನೇ ಕಳಿಸಿ.

ಕ್ಲಬ್ ಮತ್ತು ರಾಜ್ಯ ಸಂಸ್ಥೆಯ ಸ್ಪರ್ಧೆಗೂ ಓಡಿ ಇದೆಯಾ? ಸುತ್ತೋಲೆ ತೋರಿಸ್ತೀರಾ?
ಇಂಟರ್ನಲ್ಸ್ ತಪ್ಪಿದ್ರೆ ರೀ-ಟೆಸ್ಟ್ ಇದೆಯಾ?
ಕ್ಲಾಸು ಎಷ್ಟು ಗಂಟೆಗೆ ಶುರು, ಎಷ್ಟಕ್ಕೆ ಮುಗಿಯತ್ತೆ? ಸಿ.ಎ., ಎ.ಸಿ.ಸಿ.ಎ. ಕೋಚಿಂಗ್ ಕಡ್ಡಾಯನಾ, ಇಷ್ಟ ಇದ್ರೆ ಮಾತ್ರನಾ?
ಸೆಮಿಸ್ಟರ್ ಪರೀಕ್ಷೆ ದಿನವೇ ಅಂತರ ವಿಶ್ವವಿದ್ಯಾಲಯ ಸ್ಪರ್ಧೆ ಬಂದ್ರೆ ಏನು ವ್ಯವಸ್ಥೆ?
ಪೆಟ್ಟಾಗಿ ಒಂದು ವರ್ಷ ಆಡದಿದ್ರೆ ಸೀಟು, ಫೀಸು ಏನಾಗತ್ತೆ?
ಈಗ ಮೂರನೇ ವರ್ಷದಲ್ಲಿರೋ ಒಬ್ಬ ಆಟಗಾರರ ಜೊತೆ ಮಾತಾಡಿಸ್ತೀರಾ?

ಕೊನೇ ಪ್ರಶ್ನೆಗೇ ಹೆಚ್ಚು ಉತ್ತರ ಸಿಕ್ಕಿದ್ದು. ಒಂದು ಕಡೆ ಆಫೀಸಿನವರು "ಎಲ್ಲಾ ಅಡ್ಜಸ್ಟ್ ಮಾಡ್ತೀವಮ್ಮ, ನೀನು ಮೊದಲು ಅಡ್ಮಿಷನ್ ಮಾಡಿಸು" ಅಂದ್ರು. ಬರವಣಿಗೆಯಲ್ಲಿ ಕೊಡಿ ಅಂದಾಗ ಮುಖ ನೋಡಿದ್ರು. ಅದೇ ಕಾಲೇಜಿನ ಸೀನಿಯರ್ ಒಬ್ಬರು ಹೊರಗೆ ಸಿಕ್ಕಿ, ಸ್ಪರ್ಧೆಗೆ ಹೋಗಿ ಬಂದು ಒಂದು ಸಬ್ಜೆಕ್ಟ್ ಶಾರ್ಟೇಜ್ ಆಗಿ ಕಟ್ಟಬೇಕಾಯ್ತು ಅಂತ ಹೇಳಿದ್ರು. ನಮ್ಮ ಪಟ್ಟಿಯ "ನಿಯಮ 4" ಬಂದಿದ್ದು ಹೀಗೆ. "ಆ" ಕಾಲೇಜಿನ ಪಿ.ಡಿ. ಸರ್ ಮಾತ್ರ ಬೀರು ತೆಗೆದು ಸುತ್ತೋಲೆ ತೋರಿಸಿ, ಫೋಟೋ ತೆಗೆದುಕೊಳ್ಳಮ್ಮ ಅಂದ್ರು.

ಕೊನೆಗೆ

ತಂಗಿ "ಆ" ಕಾಲೇಜಿಗೆ ಸೇರಿದಳು. ಬೆಳಗ್ಗೆ ಪೂಲು, ಮನೆ, ತಿಂಡಿ, ನಡ್ಕೊಂಡು ಕಾಲೇಜು. ಮೊದಲ ಸೆಮಿಸ್ಟರ್‌ನಲ್ಲಿ ಒಂದು ಇಂಟರ್ನಲ್ಸ್ ತಪ್ಪಿತು, ಆ ಫೋಟೋ ತೋರಿಸಿ ರೀ-ಟೆಸ್ಟ್ ಬರೆದಳು. ಅಕೌಂಟಿಂಗ್‌ನಲ್ಲಿ ಒಳ್ಳೇ ಮಾರ್ಕ್ಸ್ ಬಂತು, ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಕಷ್ಟಪಟ್ಟು ಪಾಸ್. ಈಗ ಭಾನುವಾರ ನಾವು ಪಾಠ ಹೇಳ್ತೀವಿ, ಫೀಸು ಒಂದು ಪ್ಲೇಟ್ ಖಾರಾಬಾತ್. ಟೈಮಿಂಗ್ ಅಂದ್ಕೊಂಡಷ್ಟು ಇಳಿದಿಲ್ಲ. ಅಂಕಲ್ ಇನ್ನೂ ಸಿ.ಎ. ಅಂತಾನೇ ಇದಾರೆ. ಆದ್ರೆ ಮೊನ್ನೆ ರಾಜ್ಯ ಮಟ್ಟದ ಸ್ಪರ್ಧೆ ದಿನ ರಜೆ ಹಾಕಿ ಬಂದು ಗ್ಯಾಲರಿಯಲ್ಲಿ ಕೂತಿದ್ರು, ಕೈಯಲ್ಲಿ ಸ್ಟಾಪ್‌ವಾಚ್ ಹಿಡ್ಕೊಂಡು.

ಅವಳು ಗೆಲ್ತಾಳೆ ಅಂತ ನಮ್ಮ ಲೆಕ್ಕ ಹೇಳಲ್ಲ. ಮೂರು ವರ್ಷ ಆದ ಮೇಲೆ ಈಜು ಬಿಡಬೇಕಾಗಿ ಬಂದ್ರೂ, ಯಾಕೆ ಬಿಟ್ಟೆ ಅಂತ ಅವಳಿಗೆ ಗೊತ್ತಿರತ್ತೆ, ಕೈಯಲ್ಲಿ ಒಂದು ಡಿಗ್ರಿನೂ ಇರತ್ತೆ. ಟೇಬಲ್ ಟೆನಿಸ್ ಬಿಟ್ಟ ನಮ್ಮ ಗೆಳೆಯ ಇದನ್ನೆಲ್ಲ ನೋಡಿ ಏನೂ ಹೇಳಲಿಲ್ಲ. ಹೋದ ವಾರ ಹಾಸ್ಟೆಲ್‌ನ ರೀಡಿಂಗ್ ರೂಮ್ ಪಕ್ಕ ಇರೋ ಟೇಬಲ್ ಹತ್ತಿರ ಹೋಗಿ, ಅಲ್ಲಿದ್ದೋರನ್ನ ಕೇಳಿದ: "ಒಂದು ಬ್ಯಾಟ್ ಕೊಡ್ತೀರಾ?"